ಅರೆಮುಕ್ತ ತಂತ್ರಾಂಶ ಮತ್ತು ಪರವಾನಗಿಯ ಕಟ್ಟುಪಾಡು: ವಿತರಿತ ಕಡತ ವ್ಯವಸ್ಥೆಗಳ ಒಂದು ಅಧ್ಯಯನ

ಪೀಠಿಕೆ

ಬೆಂಗಳೂರು ನಗರದ ಅಂಚಿನಲ್ಲಿ ಮೂರು ದಿಕ್ಕುಗಳಿಗೆ ಹಬ್ಬಿರುವ ಮೂರು ಪ್ರದೇಶಗಳು ಕರ್ನಾಟಕದ ಔದ್ಯೋಗಿಕ ಇತಿಹಾಸವನ್ನು ಸಂಕ್ಷೇಪವಾಗಿ ತಿಳಿಸುತ್ತವೆ. ವಾಯವ್ಯದಲ್ಲಿರುವ ಪೀಣ್ಯವು 1970ರ ದಶಕದಿಂದೀಚೆಗೆ ಸಣ್ಣ ಕೈಗಾರಿಕೆಗಳ ಬೀಡಾಗಿ, ಲೇತು, ಅಚ್ಚು, ಎರಕ ಮತ್ತು ಬಿಡಿಭಾಗಗಳ ತಯಾರಿಕೆಗೆ ಹೆಸರಾಯಿತು. ದಕ್ಷಿಣದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಅದರ ಹಿಂದೆ ಆರ್. ಕೆ. ಬಾಳಿಗರ ದೂರದೃಷ್ಟಿಯಿತ್ತು. ಪೂರ್ವದ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಕೃಷಿ ವಸಾಹತಾಗಿ ಹುಟ್ಟಿ, ಭಾರತ ಮತ್ತು ಸಿಂಗಪುರಗಳ ಸಹಯೋಗದಿಂದ 1994ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ತಂತ್ರಜ್ಞಾನ ಉದ್ಯಾನದ ಮೂಲಕ ಜಗತ್ತಿಗೆ ಪರಿಚಿತವಾಯಿತು.

ಈ ಮೂರು ಪ್ರದೇಶಗಳ ಉದ್ಯೋಗಗಳು ಬೇರೆ ಬೇರೆಯಾಗಿ ಕಂಡರೂ ಇಂದು ಅವುಗಳ ನಿಜವಾದ ಭಂಡಾರ ಒಂದೇ ಬಗೆಯದು. ಪೀಣ್ಯದ ಕಾರ್ಖಾನೆಯ ಯಂತ್ರಭಾಗದ ನಕ್ಷೆ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯ ಲೆಕ್ಕಪತ್ರ, ವೈಟ್‌ಫೀಲ್ಡಿನ ಆಸ್ಪತ್ರೆಯ ರೋಗಿಯ ಎಕ್ಸ್‌ರೇ ಚಿತ್ರ, ಇವೆಲ್ಲವೂ ಗಣಕಯಂತ್ರದ ಕಡತಗಳಾಗಿವೆ. ಕಾರ್ಖಾನೆಯ ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು. ಇಪ್ಪತ್ತು ವರ್ಷಗಳ ನಕ್ಷೆಗಳು ಅಳಿದರೆ ಮತ್ತೆ ಬರೆಯುವುದು ಸಾಧ್ಯವಿಲ್ಲ. ಆದುದರಿಂದಲೇ ಕಡತಗಳನ್ನು ಕಾಯುವ ತಂತ್ರಾಂಶ ಯಾವುದು, ಅದನ್ನು ಬಳಸುವ ಹಕ್ಕು ಯಾವ ಷರತ್ತಿಗೆ ಒಳಪಟ್ಟಿದೆ ಎಂಬ ಪ್ರಶ್ನೆಗಳು ಕೇವಲ ಇಂಜಿನಿಯರುಗಳ ಪ್ರಶ್ನೆಗಳಾಗಿ ಉಳಿದಿಲ್ಲ. ಶಾಲೆ, ಆಸ್ಪತ್ರೆ, ಗ್ರಂಥಾಲಯ ಮತ್ತು ಮಠಗಳ ಆಡಳಿತ ಮಂಡಳಿಗಳೂ ಅವನ್ನು ಅರಿತಿರಬೇಕಾದ ಕಾಲ ಬಂದಿದೆ. ಹೊರಗೆ 'ಮುಕ್ತ' ಎಂಬ ಫಲಕವನ್ನು ಹೊತ್ತು, ಒಳಗೆ ಕೆಲವು ಬಾಗಿಲುಗಳಿಗೆ ಬೀಗ ಹಾಕಿರುವ ಅರೆಮುಕ್ತ ತಂತ್ರಾಂಶಗಳ ಸ್ವರೂಪವನ್ನು ಇಲ್ಲಿ ಪರಿಶೀಲಿಸಲಾಗಿದೆ.

ವಿತರಿತ ಕಡತ ವ್ಯವಸ್ಥೆ ಎಂದರೇನು?

ಒಂದು ಗಣಕಯಂತ್ರದಲ್ಲಿ ಒಂದೇ ಡಿಸ್ಕ್ ಇದ್ದರೆ ಎರಡು ತೊಂದರೆಗಳುಂಟು. ಡಿಸ್ಕ್ ತುಂಬಿದೊಡನೆ ಕೆಲಸ ನಿಲ್ಲುತ್ತದೆ. ಡಿಸ್ಕ್ ಕೆಟ್ಟರೆ ಕಡತಗಳೆಲ್ಲವೂ ನಾಶವಾಗುತ್ತವೆ. ಈ ಎರಡಕ್ಕೂ ಪರಿಹಾರವಾಗಿ ಹತ್ತಾರು ಅಥವಾ ನೂರಾರು ಸರ್ವರುಗಳ ಡಿಸ್ಕುಗಳನ್ನು ಜಾಲದ ಮೂಲಕ ಜೋಡಿಸಿ, ಬಳಸುವವರ ಕಣ್ಣಿಗೆ ಒಂದೇ ದೊಡ್ಡ ಕಪಾಟಿನಂತೆ ತೋರುವಹಾಗೆ ಮಾಡುವ ತಂತ್ರಾಂಶವೇ ವಿತರಿತ ಕಡತ ವ್ಯವಸ್ಥೆ. ಕಡತವು ಯಾವ ಯಂತ್ರದಲ್ಲಿ ಕುಳಿತಿದೆ ಎಂಬುದು ಬಳಕೆದಾರನಿಗೆ ತಿಳಿಯಬೇಕಾದ ಅಗತ್ಯವಿಲ್ಲ.

ಇದರ ಮೂಲತತ್ತ್ವ ಕನ್ನಡಿಗರಿಗೆ ಹೊಸದಲ್ಲ. ವಚನಗಳ ಓಲೆಗರಿಯ ಕಟ್ಟುಗಳು ಒಂದೇ ಊರಿನ ಒಂದೇ ಪೆಟ್ಟಿಗೆಯಲ್ಲಿ ಇದ್ದಿದ್ದರೆ ಎಂಟು ಶತಮಾನಗಳ ಮಳೆ, ಗೆದ್ದಲು, ಬೆಂಕಿ, ಯುದ್ಧಗಳನ್ನು ದಾಟಿ ಬರುತ್ತಿರಲಿಲ್ಲ. ಒಬ್ಬರಿಂದ ಒಬ್ಬರು ಪ್ರತಿ ಮಾಡಿಕೊಂಡು, ಮನೆಮನೆಗಳಲ್ಲಿ, ಮಠಮಠಗಳಲ್ಲಿ ಇರಿಸಿದುದರಿಂದಲೇ ಅವು ಉಳಿದವು. ಡಾ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಹಸ್ತಪ್ರತಿಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತರಲು ಸಾಧ್ಯವಾದದ್ದು ಪ್ರತಿಗಳು ಹಂಚಿಹೋಗಿದ್ದ ಕಾರಣದಿಂದ. ಪ್ರತಿ ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಈ ಅಂಶ ಮುಂದಿನ ವಿವೇಚನೆಗೆ ಮುಖ್ಯವಾಗುತ್ತದೆ.

ಪ್ರತಿಗಳನ್ನು ಇರಿಸುವ ಕ್ರಮದಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಪೂರ್ಣಪ್ರತಿ. ಪ್ರತಿಯೊಂದು ಕಡತವನ್ನೂ ಮೂರು ಯಂತ್ರಗಳಲ್ಲಿ ಇರಿಸಿದರೆ ಎರಡು ಕೆಟ್ಟರೂ ಒಂದು ಉಳಿಯುತ್ತದೆ. ಆದರೆ 100 ಟೆರಾಬೈಟ್ ಕಡತಗಳಿಗೆ 300 ಟೆರಾಬೈಟ್ ಸ್ಥಳ ಬೇಕಾಗುತ್ತದೆ. ಎರಡನೆಯದು ಗಣಿತದ ನೆರವಿನಿಂದ ಮಾಡುವ ಭಾಗಶಃ ಪ್ರತಿ. ಒಂದು ಕಡತವನ್ನು ನಾಲ್ಕು ತುಂಡುಗಳಾಗಿ ಮಾಡಿ, ಆ ನಾಲ್ಕರಿಂದ ಲೆಕ್ಕಹಾಕಿದ ಎರಡು ಹೆಚ್ಚುವರಿ ತುಂಡುಗಳನ್ನು ಸೇರಿಸಿ ಆರು ಯಂತ್ರಗಳಲ್ಲಿ ಹಂಚುತ್ತಾರೆ. ಆರರಲ್ಲಿ ಯಾವ ಎರಡು ಹೋದರೂ ಉಳಿದ ನಾಲ್ಕರಿಂದ ಮೂಲ ಕಡತವನ್ನು ಮರಳಿ ಪಡೆಯಬಹುದು. ಇಲ್ಲಿ 100 ಟೆರಾಬೈಟಿಗೆ 150 ಟೆರಾಬೈಟ್ ಸಾಕು. ಮೊದಲನೆಯ ಬಗೆಯಲ್ಲಿ ಸ್ಥಳದ ವೆಚ್ಚ ಹೆಚ್ಚು. ಎರಡನೆಯದರಲ್ಲಿ ಲೆಕ್ಕಾಚಾರದ ಶ್ರಮ ಹೆಚ್ಚು.

ಇನ್ನೊಂದು ಅಂಶವೂ ತಿಳಿದಿರಬೇಕು. ಯಾವ ಕಡತ ಎಲ್ಲಿದೆ ಎಂಬ ವಿವರಪಟ್ಟಿಯನ್ನು ಕೆಲವು ವ್ಯವಸ್ಥೆಗಳಲ್ಲಿ ಪ್ರತ್ಯೇಕ ಸರ್ವರೊಂದು ಕಾಯುತ್ತದೆ. ಗ್ರಂಥಾಲಯದಲ್ಲಿ ಪುಸ್ತಕಗಳೆಲ್ಲ ಕ್ಷೇಮವಾಗಿದ್ದು ಸೂಚೀಪಟ್ಟಿ ಮಾತ್ರ ಸುಟ್ಟುಹೋದರೆ ಹೇಗೋ, ಈ ಸರ್ವರ್ ಕೆಟ್ಟರೆ ಉಳಿದೆಲ್ಲ ಡಿಸ್ಕುಗಳು ಸರಿಯಿದ್ದರೂ ಕಡತಗಳು ಸಿಗುವುದಿಲ್ಲ. ಆದ್ದರಿಂದ ಪಟ್ಟಿ ಕಾಯುವ ಸರ್ವರಿಗೂ ಒಂದು ಜೊತೆ ಇರಬೇಕಾಗುತ್ತದೆ. ಪ್ರತಿ ಮಾಡುವ ಸೌಲಭ್ಯ ಮತ್ತು ಪಟ್ಟಿಗೆ ಜೊತೆ ಇರಿಸುವ ಸೌಲಭ್ಯ, ಇವೆರಡೂ ಇಂಥ ವ್ಯವಸ್ಥೆಯ ಪ್ರಾಣ. ಅರೆಮುಕ್ತ ತಂತ್ರಾಂಶಗಳಲ್ಲಿ ಬೀಗ ಬೀಳುವುದು ಹೆಚ್ಚಾಗಿ ಇವುಗಳ ಮೇಲೆಯೇ.

ಪರವಾನಗಿಯ ಸ್ವರೂಪ

ಭಾರತದ ಕೃತಿಸ್ವಾಮ್ಯ ಅಧಿನಿಯಮ, 1957, ಗಣಕ ತಂತ್ರಾಂಶವನ್ನು ಸಾಹಿತ್ಯ ಕೃತಿಯೆಂದು ಪರಿಗಣಿಸುತ್ತದೆ. ಕಾದಂಬರಿಯ ಮೇಲೆ ಲೇಖಕನಿಗಿರುವಂತೆಯೇ ತಂತ್ರಾಂಶದ ಮೇಲೆ ಅದನ್ನು ಬರೆದವನಿಗೆ ಅಥವಾ ಬರೆಯಿಸಿದ ಸಂಸ್ಥೆಗೆ ಸ್ವಾಮ್ಯವಿರುತ್ತದೆ. ನ್ಯಾಯಬದ್ಧವಾಗಿ ಪ್ರತಿಯನ್ನು ಪಡೆದವನು ನಷ್ಟದಿಂದ ರಕ್ಷಿಸಿಕೊಳ್ಳಲು ತಂತ್ರಾಂಶದ ಕಾಪುಪ್ರತಿ ಮಾಡಿಕೊಳ್ಳಲು 52ನೆಯ ವಿಧಿ ಅವಕಾಶ ಕೊಡುತ್ತದೆ. ಉಲ್ಲಂಘನೆಯ ಪ್ರತಿಯೆಂದು ತಿಳಿದೂ ಗಣಕಯಂತ್ರದಲ್ಲಿ ಬಳಸುವವನಿಗೆ 63ಬಿ ವಿಧಿಯನ್ವಯ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಹೀಗೆ ಪರವಾನಗಿ ಎಂಬುದು ಸ್ವಾಮ್ಯವುಳ್ಳವನು ಇತರರಿಗೆ ಕೊಡುವ ಅನುಮತಿಪತ್ರ. ಅನುಮತಿ ಎಷ್ಟಿದೆಯೋ ಅಷ್ಟೇ ಹಕ್ಕು.

ಈ ಅನುಮತಿಪತ್ರವನ್ನು ಕಾಯಿದೆಯ ಚೌಕಟ್ಟಿನೊಳಗೇ ಜನಹಿತಕ್ಕೆ ತಿರುಗಿಸಿದ ಕೀರ್ತಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್‌ರಿಗೆ ಸಲ್ಲಬೇಕು. 1983ರಲ್ಲಿ ಅವರು ಘೋಷಿಸಿದ ಗ್ನೂ ಯೋಜನೆ, 1985ರ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಮತ್ತು 1989ರ ಜಿಪಿಎಲ್ ಪರವಾನಗಿಗಳು ಒಂದು ಹೊಸ ದಾರಿ ತೋರಿದವು. ಜಿಪಿಎಲ್ ತಂತ್ರಾಂಶವನ್ನು ಯಾರಾದರೂ ಬಳಸಬಹುದು, ಅದರ ಆಕರ ಸಂಕೇತವನ್ನು ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ತಿದ್ದಿದ್ದನ್ನು ಹಂಚುವವನು ಪಡೆಯುವವರಿಗೂ ಅದೇ ಹಕ್ಕುಗಳನ್ನು ಕೊಡಬೇಕು. 1991ರಲ್ಲಿ ಇದರ ಎರಡನೆಯ ಆವೃತ್ತಿಯೂ 2007ರಲ್ಲಿ ಮೂರನೆಯದೂ ಬಂದವು. ಎಲ್‌ಜಿಪಿಎಲ್ ಸ್ವಲ್ಪ ಸಡಿಲವಾದುದು; ಮುಕ್ತವಲ್ಲದ ತಂತ್ರಾಂಶದೊಡನೆ ಜೋಡಿಸಿಕೊಳ್ಳಲೂ ಅದು ಎಡೆಗೊಡುತ್ತದೆ. ಎಜಿಪಿಎಲ್ ಹೆಚ್ಚು ಬಿಗಿಯಾದುದು. ತಿದ್ದಿದ ತಂತ್ರಾಂಶವನ್ನು ಹಂಚದೆ, ಜಾಲದ ಮೂಲಕ ಸೇವೆಯಾಗಿ ಒದಗಿಸಿದರೂ ಬಳಸುವವರಿಗೆ ಆಕರ ಸಂಕೇತವನ್ನು ಕೊಡಬೇಕೆನ್ನುತ್ತದೆ. ಅಪಾಚೆ ಪರವಾನಗಿ ಬಹುಮಟ್ಟಿಗೆ ಉದಾರವಾದುದು; ತಿದ್ದಿದುದನ್ನು ಮುಚ್ಚಿಟ್ಟುಕೊಂಡು ಮಾರಲೂ ಅಡ್ಡಿಯಿಲ್ಲ, ಮೂಲದ ಸ್ವಾಮ್ಯಸೂಚನೆಗಳನ್ನು ಮಾತ್ರ ಅಳಿಸಬಾರದು.

ಇಲ್ಲಿ 'ಉಚಿತ' ಮತ್ತು 'ಮುಕ್ತ' ಎಂಬ ಎರಡು ಮಾತುಗಳ ಅಂತರವನ್ನು ಮನದಟ್ಟು ಮಾಡಿಕೊಳ್ಳಬೇಕು. ಉಚಿತ ಎಂಬುದು ಬೆಲೆಗೆ ಸಂಬಂಧಿಸಿದ್ದು. ಮುಕ್ತ ಎಂಬುದು ಹಕ್ಕಿಗೆ ಸಂಬಂಧಿಸಿದ್ದು. ಹಣ ಕೇಳದೆ ಕೊಟ್ಟ ತಂತ್ರಾಂಶವನ್ನು ನಾಳೆ ಹಣ ಕೇಳಿ ಕೊಡಬಹುದು. ಹಕ್ಕಿನೊಡನೆ ಕೊಟ್ಟ ಆವೃತ್ತಿಯನ್ನಾದರೋ, ಷರತ್ತುಗಳನ್ನು ಪಾಲಿಸುವವರಿಂದ ಮರಳಿ ಕಿತ್ತುಕೊಳ್ಳುವುದು ಸುಲಭವಲ್ಲ.

ಬೆಂಗಳೂರಿನ ನಂಟು: ಗ್ಲಸ್ಟರ್

ಈ ಚರ್ಚೆಗೆ ಬೆಂಗಳೂರಿನಲ್ಲೇ ಒಂದು ನಿದರ್ಶನವಿದೆ. 'ಗ್ನೂ' ಮತ್ತು 'ಕ್ಲಸ್ಟರ್' ಎಂಬ ಎರಡು ಪದಗಳನ್ನು ಬೆಸೆದು ಹೆಸರಿಟ್ಟ ಗ್ಲಸ್ಟರ್ ಎಫ್‌ಎಸ್ ಎಂಬ ವಿತರಿತ ಕಡತ ವ್ಯವಸ್ಥೆ ಅದು. ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಓದಿದ ಆನಂದ್ ಬಾಬು ಪೆರಿಯಸಾಮಿ ಅವರು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯಕ್ಕಾಗಿ 2004ರಲ್ಲಿ ನಿರ್ಮಿತವಾದ 'ಥಂಡರ್' ಎಂಬ ಮಹಾಗಣಕದ ಕೆಲಸದಲ್ಲಿ ಪಾಲುಗೊಂಡಿದ್ದವರು. ಅವರೂ ಹಿತೇಶ್ ಚೆಲ್ಲಾನಿ ಅವರೂ ಸೇರಿ 2005ರಲ್ಲಿ ಸ್ಥಾಪಿಸಿದ ಸಂಸ್ಥೆಯ ವ್ಯವಹಾರ ಕಚೇರಿ ಕ್ಯಾಲಿಫೋರ್ನಿಯದಲ್ಲಿದ್ದರೂ ತಂತ್ರಾಂಶದ ಬಹುಪಾಲು ರಚನೆ ನಡೆದದ್ದು ಬೆಂಗಳೂರಿನಲ್ಲಿ. ಹೊರದೇಶದವರು ಬರೆದುಕೊಟ್ಟ ನಕ್ಷೆಯಂತೆ ಕೆಲಸ ಮಾಡುವ ನಗರವೆಂದಷ್ಟೇ ಬೆಂಗಳೂರನ್ನು ಬಲ್ಲವರಿಗೆ, ಮೂಲ ವಿನ್ಯಾಸವೂ ಇಲ್ಲಿಯೇ ರೂಪುಗೊಂಡ ಈ ಕೃತಿ ಒಂದು ಉತ್ತರವಾಗಿತ್ತು.

ಗ್ಲಸ್ಟರ್‌ನ ವಿಶೇಷವೆಂದರೆ ಅದರಲ್ಲಿ ವಿವರಪಟ್ಟಿ ಕಾಯುವ ಪ್ರತ್ಯೇಕ ಸರ್ವರೇ ಇಲ್ಲ. ಕಡತದ ಹೆಸರನ್ನು ಒಂದು ಗಣಿತಸೂತ್ರಕ್ಕೆ ಒಳಪಡಿಸಿ ಬಂದ ಸಂಖ್ಯೆಯಿಂದ ಅದು ಯಾವ ಯಂತ್ರದಲ್ಲಿದೆ ಎಂಬುದನ್ನು ಲೆಕ್ಕ ಹಾಕಲಾಗುತ್ತದೆ. ಶಾಲೆಯಲ್ಲಿ ಹಾಜರಿ ಸಂಖ್ಯೆಯನ್ನು ನೋಡಿ ವಿದ್ಯಾರ್ಥಿ ಯಾವ ಬೆಂಚಿನಲ್ಲಿ ಕೂರುತ್ತಾನೆಂದು ಹೇಳುವಂತೆ, ಯಾರನ್ನೂ ಕೇಳಬೇಕಿಲ್ಲ. ಇದರ ಸಂಗ್ರಹದ ಘಟಕಕ್ಕೆ 'ಬ್ರಿಕ್', ಅಂದರೆ ಇಟ್ಟಿಗೆ ಎಂದು ಹೆಸರು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಗೋಡೆ ಬೆಳೆಸುವಂತೆ ಸಾಮಾನ್ಯ ಬೆಲೆಯ ಯಂತ್ರಗಳನ್ನು ಸೇರಿಸುತ್ತ ಸಂಗ್ರಹವನ್ನು ಬೆಳೆಸಬಹುದು.

ಪರವಾನಗಿಯ ದೃಷ್ಟಿಯಿಂದ ಗ್ಲಸ್ಟರ್‌ನ ಚರಿತ್ರೆ ಒಂದು ಪಾಠದಂತಿದೆ. ಒಂದು ಘಟ್ಟದಲ್ಲಿ ಅದು ಬಿಗಿಯಾದ ಎಜಿಪಿಎಲ್ ಅಡಿಯಲ್ಲಿತ್ತು. 2011ರಲ್ಲಿ ಜಿಪಿಎಲ್‌ಗೆ ತಿರುಗಿತು. ಅದೇ ವರ್ಷ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ಸುಮಾರು 13.6 ಕೋಟಿ ಡಾಲರುಗಳಿಗೆ ಗ್ಲಸ್ಟರ್ ಸಂಸ್ಥೆಯನ್ನು ಕೊಂಡುಕೊಂಡಿತು. 2012ರಲ್ಲಿ ಪರವಾನಗಿ ಮತ್ತೊಮ್ಮೆ ಬದಲಾಗಿ, ಎಲ್‌ಜಿಪಿಎಲ್ ಮೂರನೆಯ ಆವೃತ್ತಿ ಅಥವಾ ಜಿಪಿಎಲ್ ಎರಡನೆಯ ಆವೃತ್ತಿ, ಇವೆರಡರಲ್ಲಿ ಬೇಕಾದುದನ್ನು ಬಳಸುವವರು ಆರಿಸಿಕೊಳ್ಳಬಹುದೆಂದಾಯಿತು.

ಈ ಕೊನೆಯ ಬದಲಾವಣೆ ಬರಿಯ ಕಾಗದದ ವ್ಯವಹಾರವಾಗಿರಲಿಲ್ಲ. ಜಿಪಿಎಲ್‌ನ ಎರಡನೆಯ ಆವೃತ್ತಿಗೆ ಮಾತ್ರ ಬದ್ಧವಾದ ತಂತ್ರಾಂಶವನ್ನು ಮೂರನೆಯ ಆವೃತ್ತಿಯ ತಂತ್ರಾಂಶದೊಡನೆ ಬೆಸೆದು ಹಂಚುವಂತಿಲ್ಲ. ಎರಡೂ ಮುಕ್ತವೇ ಆದರೂ ಷರತ್ತುಗಳು ಒಂದಕ್ಕೊಂದು ಹೊಂದುವುದಿಲ್ಲ. ಕಲ್ಪಿತ ಯಂತ್ರಗಳನ್ನು ನಡೆಸುವ ಕ್ಯೂಇಎಂಯು ತಂತ್ರಾಂಶ ಎರಡನೆಯ ಆವೃತ್ತಿಗೆ ಒಳಪಟ್ಟಿದ್ದರೆ, ವಿಂಡೋಸ್ ಯಂತ್ರಗಳಿಗೆ ಕಡತ ಒದಗಿಸುವ ಸಾಂಬಾ ತಂತ್ರಾಂಶ ಮೂರನೆಯದಕ್ಕೆ ಒಳಪಟ್ಟಿದೆ. ಎರಡು ಪರವಾನಗಿಗಳ ಆಯ್ಕೆಯನ್ನು ಕೊಟ್ಟುದರ ಫಲವಾಗಿ ಗ್ಲಸ್ಟರ್ ಎರಡರೊಡನೆಯೂ ನೇರವಾಗಿ ಕೂಡಿಕೊಳ್ಳಲು ಹಾದಿ ತೆರೆಯಿತು. ಪರವಾನಗಿಯ ಒಂದು ಸಾಲು ಯಂತ್ರದ ಒಂದು ಕೊಂಡಿಯಷ್ಟೇ ನಿಜವಾದ ವಸ್ತು ಎಂಬುದಕ್ಕೆ ಇದು ಸಾಕ್ಷಿ.

ಮುಂದಿನ ಕಥೆ ಇನ್ನೂ ಬೋಧಪ್ರದವಾದುದು. 2019ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯೇ ಐಬಿಎಂ ಸಂಸ್ಥೆಯ ಒಡೆತನಕ್ಕೆ ಹೋಯಿತು. ಗ್ಲಸ್ಟರ್ ಆಧರಿಸಿ ಆ ಸಂಸ್ಥೆ ಮಾರುತ್ತಿದ್ದ ವಾಣಿಜ್ಯ ಉತ್ಪನ್ನದ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಮುಚ್ಚಿದ ತಂತ್ರಾಂಶವಾಗಿದ್ದರೆ ಅಂದೇ ಅದರ ಆಯುಷ್ಯ ತೀರುತ್ತಿತ್ತು. ಆದರೆ ಆಕರ ಸಂಕೇತ ಸಾರ್ವಜನಿಕವಾಗಿರುವುದರಿಂದ ಬಳಸುತ್ತಿದ್ದವರಿಗೆ ಬೀದಿಪಾಲಾಗುವ ಗತಿ ಬರಲಿಲ್ಲ. ಗ್ಲಸ್ಟರ್‌ನಲ್ಲಿ ದುಡಿದ ಬೆಂಗಳೂರಿನ ಇಂಜಿನಿಯರುಗಳೇ ಅದನ್ನು ಆಧರಿಸಿ ಹೊಸದೊಂದು ಸಂಗ್ರಹ ಯೋಜನೆಯನ್ನು ಮೊದಲೇ ಆರಂಭಿಸಿದ್ದರು. ಅದಕ್ಕೆ ಅವರು ಇಟ್ಟ ಹೆಸರು 'ಕಡಲು' ಎಂಬ ಅಚ್ಚಗನ್ನಡ ಪದ. ಮೂಲದ ಪರವಾನಗಿ ಮುಕ್ತವಾಗಿರದಿದ್ದರೆ ಈ ಕಡಲು ಹುಟ್ಟುತ್ತಿರಲಿಲ್ಲ.

ಆದರೆ ಒಂದು ಮಾತನ್ನು ಮರೆಮಾಚಬಾರದು. ಮುಕ್ತ ಪರವಾನಗಿಯು ತಂತ್ರಾಂಶವನ್ನು ಸಾಯಗೊಡುವುದಿಲ್ಲವೇ ಹೊರತು, ತಾನಾಗಿಯೇ ಅದನ್ನು ಪೋಷಿಸುವುದಿಲ್ಲ. ದೊಡ್ಡ ಸಂಸ್ಥೆಯ ಸಂಬಳದ ಕೈಗಳು ದೂರವಾದಾಗ ಕೆಲಸದ ವೇಗ ಕುಂದುತ್ತದೆ. ದೋಷ ತಿದ್ದುವವರು ವಿರಳವಾಗುತ್ತಾರೆ. ಬಾಗಿಲು ತೆರೆದಿದ್ದರೆ ಸಾಲದು, ಒಳಗೆ ದೀಪ ಹಚ್ಚುವವರೂ ಬೇಕು.

ಅರೆಮುಕ್ತ ವ್ಯವಸ್ಥೆಗಳು

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ 2005ರಲ್ಲಿ ಆರಂಭವಾದ ಒಂದು ಕಡತ ವ್ಯವಸ್ಥೆ 2014ರಿಂದ ಬೀಜಿಎಫ್‌ಎಸ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಬಳಸುವವರ ಯಂತ್ರದಲ್ಲಿ ಕುಳಿತುಕೊಳ್ಳುವ ಭಾಗ ಜಿಪಿಎಲ್ ಅಡಿಯಲ್ಲಿದೆ. ಸರ್ವರ್ ಭಾಗಕ್ಕೆ ಸಂಸ್ಥೆಯ ಸ್ವಂತ ಒಪ್ಪಂದಪತ್ರ ಅನ್ವಯಿಸುತ್ತದೆ. ಸರ್ವರಿನ ಆಕರ ಸಂಕೇತವನ್ನು ಓದಲು ಸಿಗುವಂತೆ ಪ್ರಕಟಿಸಲಾಗಿದೆಯಾದರೂ ಓದಲು ಸಿಗುವುದು ಬೇರೆ, ತಿದ್ದಿ ಹಂಚುವ ಹಕ್ಕು ಬೇರೆ. ಕಡತಗಳ ಜೋಡಿಪ್ರತಿ, ಬಳಕೆಯ ಮಿತಿ ಹೇರುವುದು, ಯಾರು ಯಾವುದನ್ನು ನೋಡಬಹುದೆಂಬ ವಿವರವಾದ ನಿಯಂತ್ರಣ ಮೊದಲಾದವುಗಳನ್ನು ಸಂಸ್ಥೆಗಳಿಗೆ ಮೀಸಲಾದ ಸೌಲಭ್ಯಗಳೆಂದು ಗುರುತಿಸಿ, ಬೆಂಬಲದ ಕರಾರು ಮಾಡಿಕೊಂಡವರು ಮಾತ್ರ ನಿತ್ಯಬಳಕೆಗೆ ತೊಡಗಿಸಿಕೊಳ್ಳಬೇಕೆಂದು ವಿಧಿಸಲಾಯಿತು.

ಪೋಲೆಂಡಿನಲ್ಲಿ ಹುಟ್ಟಿ 2008ರಲ್ಲಿ ಸಾರ್ವಜನಿಕವಾದ ಮೂಸ್ ಎಫ್‌ಎಸ್ ಇನ್ನೊಂದು ಬಗೆ. ಇದರ ಸಮುದಾಯ ಆವೃತ್ತಿ ನಿಜವಾಗಿಯೂ ಜಿಪಿಎಲ್ ಅಡಿಯಲ್ಲಿ ಮುಕ್ತವಾಗಿದೆ. ಆದರೆ ವಿವರಪಟ್ಟಿ ಕಾಯುವ ಸರ್ವರ್ ಕೆಟ್ಟಾಗ ಇನ್ನೊಂದು ತಾನಾಗಿಯೇ ಅದರ ಸ್ಥಾನವನ್ನು ವಹಿಸಿಕೊಳ್ಳುವ ಸೌಲಭ್ಯ ಹಣ ತೆತ್ತು ಪಡೆಯುವ 'ಪ್ರೊ' ಆವೃತ್ತಿಗೆ ಮೀಸಲು. ಪುಸ್ತಕಗಳಿಗೆ ಪ್ರತಿಗಳಿವೆ, ಸೂಚೀಪಟ್ಟಿಯ ಜೊತೆಗಾರನಿಗೆ ಮಾತ್ರ ಬೆಲೆಯಿದೆ ಎಂಬಂತೆ.

ಮೂರನೆಯ ಬಗೆಯಲ್ಲಿ ಕಡತ ಕಾಯುವ ತಿರುಳೆಲ್ಲ ಮುಕ್ತವಾಗಿದ್ದು, ಆಡಳಿತ ನಡೆಸುವ ಸಲಕರಣೆ ಮಾತ್ರ ಮುಚ್ಚಿರುತ್ತದೆ. ಸೇಜ್ ವೀಲ್ ಅವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಫಲವಾಗಿ ರೂಪಿಸಿದ ಸೆಫ್ ಎಂಬ ಸಂಗ್ರಹ ವ್ಯವಸ್ಥೆ ಮುಕ್ತವಾಗಿತ್ತು. ಅದನ್ನು ಬೆಂಬಲಿಸುತ್ತಿದ್ದ ಇಂಕ್‌ಟ್ಯಾಂಕ್ ಸಂಸ್ಥೆಯ 'ಕಲಮಾರಿ' ಎಂಬ ಮೇಲ್ವಿಚಾರಣಾ ಸಲಕರಣೆ ಗ್ರಾಹಕರಿಗೆ ಮಾತ್ರ ಮೀಸಲಾಗಿತ್ತು. 2014ರ ಏಪ್ರಿಲಿನಲ್ಲಿ ರೆಡ್ ಹ್ಯಾಟ್ ಆ ಸಂಸ್ಥೆಯನ್ನು ಕೊಂಡ ಮೇಲೆ ಮುಂದಿನ ತಿಂಗಳೇ ಕಲಮಾರಿಯ ಆಕರ ಸಂಕೇತವನ್ನು ಹೊರಗಿಟ್ಟಿತು. ಮುಚ್ಚಿದುದು ತೆರೆದುಕೊಂಡ ಒಳ್ಳೆಯ ಉದಾಹರಣೆ ಇದು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ಉಂಟು. ಗ್ಲಸ್ಟರ್ ಸಂಸ್ಥಾಪಕ ಪೆರಿಯಸಾಮಿಯವರೇ 2014ರಲ್ಲಿ ಇತರರೊಡನೆ ಆರಂಭಿಸಿದ ಮಿನಿಯೋ, ಕಟ್ಟುನಿಟ್ಟಾಗಿ ಹೇಳುವುದಾದರೆ ಕಡತ ವ್ಯವಸ್ಥೆಯಲ್ಲ, ಅದರ ಸೋದರ ಸಂಬಂಧಿಯಾದ ವಸ್ತುಸಂಗ್ರಹ ವ್ಯವಸ್ಥೆ. ಉದಾರವಾದ ಅಪಾಚೆ ಪರವಾನಗಿಯಲ್ಲಿದ್ದ ಅದು 2021ರಲ್ಲಿ ಎಜಿಪಿಎಲ್‌ಗೆ ಬದಲಾಯಿತು. ಎಜಿಪಿಎಲ್ ಒಪ್ಪದ ಸಂಸ್ಥೆಗಳು ವಾಣಿಜ್ಯ ಪರವಾನಗಿ ಕೊಳ್ಳಬಹುದೆಂದಾಯಿತು. 2025ರಲ್ಲಿ ಸಮುದಾಯ ಆವೃತ್ತಿಯ ಆಡಳಿತ ಪರದೆಯಿಂದ ಹಲವು ಸೌಲಭ್ಯಗಳನ್ನು ತೆಗೆದುಹಾಕಲಾಯಿತು. ಸಿದ್ಧರೂಪದ ತಂತ್ರಾಂಶ ಪೊಟ್ಟಣಗಳ ವಿತರಣೆಯೂ ನಿಂತಿತು. ಆಕರ ಸಂಕೇತ ಇದ್ದೇ ಇತ್ತು. ಆದರೆ ಅದನ್ನು ತಾವೇ ಬಳಕೆಗೆ ಸಿದ್ಧಪಡಿಸಿಕೊಳ್ಳುವ ಹೊಣೆ ಬಳಸುವವರ ಮೇಲೆ ಬಿತ್ತು. ಪರವಾನಗಿಯ ಒಂದು ಅಕ್ಷರ ಬದಲಾಗದೆಯೂ ಸೌಲಭ್ಯ ಕಿರಿದಾಗಬಹುದೆಂಬುದು ಇಲ್ಲಿಯ ಪಾಠ.

ಮುಕ್ತತೆಯು ಕಾಪಾಡಿದ ಒಂದು ವ್ಯವಸ್ಥೆ

ಮಹಾಗಣಕಗಳಲ್ಲಿ ಬಹುವಾಗಿ ಬಳಕೆಯಾಗುತ್ತಿರುವ ಲಸ್ಟರ್ ಎಂಬ ಕಡತ ವ್ಯವಸ್ಥೆಯ ಚರಿತ್ರೆ ಮುಕ್ತ ಪರವಾನಗಿಯ ಬಲಕ್ಕೆ ನಿದರ್ಶನ. 1999ರಲ್ಲಿ ಪೀಟರ್ ಬ್ರಾಮ್ ಅವರ ಸಂಶೋಧನೆಯಿಂದ ಆರಂಭವಾಗಿ, ಜಿಪಿಎಲ್ ಅಡಿಯಲ್ಲಿ ಬೆಳೆದ ಅದು 2007ರಲ್ಲಿ ಸನ್ ಸಂಸ್ಥೆಯ ಕೈಗೂ, 2010ರಲ್ಲಿ ಸನ್ ಸಂಸ್ಥೆಯೇ ಮಾರಾಟವಾದಾಗ ಆರೇಕಲ್ ಸಂಸ್ಥೆಯ ಕೈಗೂ ಸೇರಿತು. ಆ ವರ್ಷದ ಕೊನೆಗೆ ಹೊಸ ಆವೃತ್ತಿಗಳ ಅಭಿವೃದ್ಧಿಯನ್ನು ಆರೇಕಲ್ ನಿಲ್ಲಿಸಿತು. ಜಗತ್ತಿನ ದೊಡ್ಡ ಪ್ರಯೋಗಾಲಯಗಳು ತಮ್ಮ ದತ್ತಾಂಶವನ್ನೆಲ್ಲ ಅದರಲ್ಲಿ ತುಂಬಿದ್ದವು. ಜಿಪಿಎಲ್ ಇದ್ದುದರಿಂದ ಅವು ಕೈಕಟ್ಟಿ ಕೂರಲಿಲ್ಲ. ಹಳೆಯ ಇಂಜಿನಿಯರುಗಳು ಹೊಸ ಸಂಸ್ಥೆಗಳಲ್ಲಿ ಸೇರಿದರು, ಬಳಸುವವರು ಓಪನ್ ಎಸ್‌ಎಫ್‌ಎಸ್ ಎಂಬ ಒಕ್ಕೂಟವನ್ನು ಕಟ್ಟಿ ಹಣ ಒಗ್ಗೂಡಿಸಿದರು, ಕೆಲಸ ಮುಂದುವರಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ 'ಪರಮ ಪ್ರವೇಗ' ಮಹಾಗಣಕದ ಸಂಗ್ರಹ ಸಾಮರ್ಥ್ಯ 4 ಪೆಟಾಬೈಟ್, ಅಂದರೆ ಸುಮಾರು 4,000 ಟೆರಾಬೈಟ್. ಇಷ್ಟು ದೊಡ್ಡ ಭಂಡಾರಗಳನ್ನು ಕಾಯುವ ತಂತ್ರಾಂಶದ ಭವಿಷ್ಯವು ಯಾವುದೋ ದೇಶದ ಸಂಸ್ಥೆಯೊಂದರ ಲಾಭನಷ್ಟದ ಲೆಕ್ಕಕ್ಕೆ ಜೋತುಬಿದ್ದಿರುವುದು ಕ್ಷೇಮವಲ್ಲ.

ಕಾಯಕದ ಕೂಲಿ ಮತ್ತು ದಾಸೋಹದ ಧರ್ಮ

ಹಾಗೆಂದು ಅರೆಮುಕ್ತ ತಂತ್ರಾಂಶ ಮಾಡುವವರನ್ನು ಲೋಭಿಗಳೆಂದು ಹಳಿಯುವುದು ನ್ಯಾಯವಲ್ಲ. ದಾಸೋಹದ ಮನೆಯಲ್ಲಿ ಉಣ್ಣುವವರಿಗೆ ಅನ್ನ ಉಚಿತವಾದರೂ ಅಕ್ಕಿ ಉಚಿತವಾಗಿ ಬೆಳೆಯುವುದಿಲ್ಲ. ಭಕ್ತರು ಹೊತ್ತು ತಂದ ಚೀಲಗಳಿಂದ, ಬೆಳಗಿನ ಜಾವಕ್ಕೆ ಎದ್ದು ಒಲೆ ಹೊತ್ತಿಸುವವರ ದುಡಿಮೆಯಿಂದ ಅದು ನಡೆಯುತ್ತದೆ. ಚೀಲ ತರುವವರು ನಿಂತರೆ ಒಲೆಯೂ ಆರುತ್ತದೆ. ತಂತ್ರಾಂಶದ ಲೋಕದಲ್ಲಿಯೂ ಅಷ್ಟೆ. ಸಾವಿರಾರು ಸಂಸ್ಥೆಗಳು ಬಿಟ್ಟಿಯಾಗಿ ಬಳಸಿ, ಒಂದು ರೂಪಾಯಿಯನ್ನಾಗಲಿ ಒಂದು ತಿದ್ದುಪಡಿಯನ್ನಾಗಲಿ ಹಿಂದಿರುಗಿಸದೆ ಇದ್ದಾಗ, ದೊಡ್ಡ ಸೇವಾಸಂಸ್ಥೆಗಳು ಅದನ್ನೇ ಮಾರಿ ಲಾಭ ಗಳಿಸಿದಾಗ, ಮೂಲ ರಚಕರು ಬೀಗದ ಕಡೆಗೆ ಕೈ ಚಾಚುತ್ತಾರೆ. ಬೀಗಕ್ಕೆ ಕಾರಣ ಅನೇಕ ವೇಳೆ ಬಳಸುವವರ ಉದಾಸೀನವೂ ಆಗಿರುತ್ತದೆ.

ಕಾಯಕ ಮಾಡಿದವನಿಗೆ ಅದರ ಫಲ ಸಲ್ಲಬೇಕು. ಫಲದ ಮಿಗಿಲು ಸಮಾಜಕ್ಕೆ ಸಲ್ಲಬೇಕು. ಈ ಎರಡರಲ್ಲಿ ಒಂದನ್ನು ಮರೆತರೂ ವ್ಯವಸ್ಥೆ ನಿಲ್ಲುವುದಿಲ್ಲ. ಆದುದರಿಂದ ಬೆಲೆ ಕೇಳುವುದು ದೋಷವಲ್ಲ. ಬೆಲೆ ಎಲ್ಲಿದೆ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಅಡಗಿಸುವುದು ದೋಷ. ಓದದೆ ಒಪ್ಪಿಗೆಯ ಗುಂಡಿ ಒತ್ತುವುದೂ ಅಷ್ಟೇ ದೊಡ್ಡ ದೋಷ.

ಸಂಸ್ಥೆಗಳು ಗಮನಿಸಬೇಕಾದ ಅಂಶಗಳು

ಪೀಣ್ಯದ ಸಣ್ಣ ಕಾರ್ಖಾನೆಯೊಂದು ನಾಲ್ಕು ಸರ್ವರುಗಳನ್ನು ಕೊಂಡು, 'ಮುಕ್ತ' ಎಂಬ ಮಾತನ್ನು ನಂಬಿ ಅರೆಮುಕ್ತ ವ್ಯವಸ್ಥೆಯೊಂದನ್ನು ಅಳವಡಿಸಿತೆಂದು ಭಾವಿಸಬಹುದು. ಎರಡು ವರ್ಷಗಳಲ್ಲಿ ನಕ್ಷೆಗಳೆಲ್ಲ ಅದರಲ್ಲಿ ಸೇರುತ್ತವೆ. ಒಂದು ದಿನ ಡಿಸ್ಕ್ ಕೆಟ್ಟಾಗ ಜೋಡಿಪ್ರತಿಯ ಸೌಲಭ್ಯಕ್ಕೆ ಪ್ರತ್ಯೇಕ ಪರವಾನಗಿ ಬೇಕೆಂಬುದು ತಿಳಿಯುತ್ತದೆ. ಆಗ ಹಣ ಕೊಟ್ಟರೂ ಹೋದ ಕಡತ ಬಾರದು. ಇಂಥ ಪ್ರಸಂಗ ಬಾರದಂತೆ ಮೊದಲೇ ವಿಚಾರಿಸಬೇಕಾದ ಅಂಶಗಳು ಹೀಗಿವೆ.

ಒಂದನೆಯದಾಗಿ, ತಂತ್ರಾಂಶದ ಪ್ರತಿಯೊಂದು ಭಾಗಕ್ಕೂ ಯಾವ ಪರವಾನಗಿ ಇದೆ ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು ಭಾಗ ಮುಕ್ತವಾದ ಮಾತ್ರಕ್ಕೆ ಎಲ್ಲವೂ ಮುಕ್ತವಲ್ಲ.

ಎರಡನೆಯದಾಗಿ, ಪ್ರತಿ ಮಾಡುವ, ಪಟ್ಟಿಯನ್ನು ಕಾಯುವ, ದೋಷದಿಂದ ಚೇತರಿಸಿಕೊಳ್ಳುವ ಸೌಲಭ್ಯಗಳು ಯಾವ ಆವೃತ್ತಿಯಲ್ಲಿವೆ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ಮೂರನೆಯದಾಗಿ, ಕೃತಿಸ್ವಾಮ್ಯ ಒಂದೇ ಸಂಸ್ಥೆಯ ಕೈಯಲ್ಲಿದೆಯೇ, ಹಲವರಲ್ಲಿ ಹಂಚಿಹೋಗಿದೆಯೇ ಎಂಬುದನ್ನು ತಿಳಿಯಬೇಕು. ಒಂದೇ ಕೈಯಲ್ಲಿದ್ದರೆ ಮುಂದಿನ ಆವೃತ್ತಿಯ ಷರತ್ತು ಬದಲಾಗುವುದು ಸುಲಭ. ಹಲವರದಾದರೆ ಎಲ್ಲರ ಒಪ್ಪಿಗೆ ಬೇಕು.

ನಾಲ್ಕನೆಯದಾಗಿ, ಹೊರಬರುವ ದಾರಿಯನ್ನು ಒಳಹೋಗುವ ಮುನ್ನವೇ ಪರೀಕ್ಷಿಸಬೇಕು. ಕಡತಗಳನ್ನು ಇನ್ನೊಂದು ವ್ಯವಸ್ಥೆಗೆ ಸಾಗಿಸಿ ನೋಡಿ, ಎಷ್ಟು ದಿನ ಹಿಡಿಯಿತೆಂದು ಬರೆದಿಡಬೇಕು.

ಐದನೆಯದಾಗಿ, ವ್ಯವಸ್ಥೆ ಎಷ್ಟೇ ಉತ್ತಮವಾಗಿದ್ದರೂ ಬೇರೊಂದು ಸ್ಥಳದಲ್ಲಿ, ಬೇರೊಂದು ಬಗೆಯ ತಂತ್ರಾಂಶದಲ್ಲಿ ಕಾಪುಪ್ರತಿಯೊಂದು ಇರಲೇಬೇಕು. ತಪ್ಪಿ ಅಳಿಸಿದ ಕಡತ ಮೂರು ಪ್ರತಿಗಳಲ್ಲಿಯೂ ಏಕಕಾಲಕ್ಕೆ ಅಳಿಯುತ್ತದೆಂಬುದನ್ನು ಮರೆಯಬಾರದು.

ಆರನೆಯದಾಗಿ, ಮುಕ್ತ ತಂತ್ರಾಂಶದಿಂದ ಉಳಿದ ಹಣದಲ್ಲಿ ಒಂದು ಪಾಲನ್ನು ಅದನ್ನು ಪೋಷಿಸುವವರಿಗೆ ಬೆಂಬಲ ಶುಲ್ಕವಾಗಿಯೋ ಕಾಣಿಕೆಯಾಗಿಯೋ ಸಲ್ಲಿಸಬೇಕು.

ಭಾರತ ಸರ್ಕಾರವೂ 2015ರಲ್ಲಿ ಹೊರಡಿಸಿದ ನೀತಿಯಲ್ಲಿ ಸರ್ಕಾರಿ ಕಚೇರಿಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ತಿಳಿಸಿದೆ. ಆದರೆ ನೀತಿ ದಾರಿ ತೋರೀತೇ ಹೊರತು, ಪರವಾನಗಿಯನ್ನು ಓದುವ ಕೆಲಸವನ್ನು ಮಾಡದು. ಅದನ್ನು ಪ್ರತಿಯೊಂದು ಸಂಸ್ಥೆಯೂ ತಾನೇ ಮಾಡಬೇಕು.

ಉಪಸಂಹಾರ

ಮಠದ ಶಾಲೆಗಳಲ್ಲಿ ದಾಖಲಾತಿ ಪುಸ್ತಕಗಳು, ದಾನಿಗಳ ಪಟ್ಟಿಗಳು, ಹಳೆಯ ಛಾಯಾಚಿತ್ರಗಳು, ಓಲೆಗರಿಗಳ ಪ್ರತಿಬಿಂಬಗಳು ಈಗ ಗಣಕಯಂತ್ರಕ್ಕೆ ಏರುತ್ತಿವೆ. ಅರವತ್ತು ವರ್ಷಗಳ ಹಿಂದೆ ಓದಿದ ಹಿರಿಯರೊಬ್ಬರ ಜನ್ಮದಿನಾಂಕಕ್ಕೆ ಆ ಪುಸ್ತಕದ ಒಂದು ಸಾಲೇ ಆಧಾರವಾಗಿರಬಹುದು. ಇವುಗಳನ್ನು ಯಂತ್ರಕ್ಕೆ ಏರಿಸಲು ದಾನಿಗಳು ನೆರವಾಗುತ್ತಿದ್ದಾರೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳು ತಮ್ಮ ವಿದ್ಯೆಯನ್ನು ಧಾರೆಯೆರೆಯಬಲ್ಲರು. ಯಂತ್ರ ಕೊಡಿಸುವುದು ಎಷ್ಟು ದೊಡ್ಡ ಸೇವೆಯೋ, ಅದರೊಳಗಿನ ತಂತ್ರಾಂಶದ ಪರವಾನಗಿಯನ್ನು ಕುಳಿತು ಓದಿ ಆಡಳಿತ ಮಂಡಳಿಗೆ ತಿಳಿಯಹೇಳುವುದೂ ಅಷ್ಟೇ ದೊಡ್ಡ ಸೇವೆ.

ಹಿಂದಿನವರು ಓಲೆಗರಿಯನ್ನು ಪ್ರತಿ ಮಾಡುವಾಗ ಕಂಟವನ್ನೂ ಕಾಡಿಗೆಯನ್ನೂ ತಾವೇ ಸಿದ್ಧಪಡಿಸಿಕೊಳ್ಳುತ್ತಿದ್ದರು. ಯಾರ ಬೀಗದ ಕೈಗೂ ಕಾಯಬೇಕಿರಲಿಲ್ಲ. ಅಂಥ ಸ್ವಾತಂತ್ರ್ಯವನ್ನು ಉಳಿಸಿಕೊಂಡೇ ಹೊಸ ಸಾಧನಗಳನ್ನು ಬಳಸಬೇಕಾದುದು ಇಂದಿನವರ ಹೊಣೆ. ಇಂದು ಶಾಲೆಯ ಮೆಟ್ಟಿಲು ಹತ್ತುತ್ತಿರುವ ಮಗುವಿನ ಹೆಸರು ಅದರ ಮೊಮ್ಮಕ್ಕಳು ಹುಡುಕಿ ಬಂದ ದಿನವೂ ಕಡತದಲ್ಲಿ ಸಿಗಬೇಕು. ಅದಕ್ಕೆ ಬೇಕಾದ ಎಚ್ಚರ ಯಂತ್ರವನ್ನು ಕೊಳ್ಳುವ ದಿನವೇ ಆರಂಭವಾಗಬೇಕು.